ಎರಡೂವರೆ ಸಾವಿರದ ಸ್ಲೇಟಿನ ಪರವಾಗಿ

ಕಳೆದ ತಿಂಗಳು ಒಂದೇ ವಾರದಲ್ಲಿ ಎರಡು ಮಾತು ಕೇಳಿಸಿಕೊಂಡೆ. ಎರಡೂ ಇನ್ನೂ ಗಂಟಲಲ್ಲಿ ಮುಳ್ಳಿನಂತೆ ಕೂತಿವೆ.

ಮೊದಲನೆಯದು ಒಂದು ಪುಸ್ತಕ ಬಿಡುಗಡೆಯಲ್ಲಿ. ಆ ಪುಸ್ತಕದ ಒಳಪುಟಗಳಿಗೆ ಚಿತ್ರ ಬರೆದವನು ನಾನು. ಕಾರ್ಯಕ್ರಮ ಮುಗಿದು ಕಾಫಿ ಕುಡಿಯುತ್ತ ನಿಂತಿದ್ದಾಗ ಹಿರಿಯ ಕಲಾವಿದರೊಬ್ಬರು ಪುಟ ತಿರುವಿದರು. ಬಾವಿಕಟ್ಟೆಯ ಚಿತ್ರದ ಬಳಿ ಸ್ವಲ್ಪ ಹೊತ್ತು ನಿಂತರು. "ಗೆರೆ ಚೆನ್ನಾಗಿದೆ. ಯಾವ ಇಂಕು?" ಎಂದು ಕೇಳಿದರು. "ಇಂಕಲ್ಲ ಸಾರ್, ಪೆನ್ ಟ್ಯಾಬ್ಲೆಟ್ಟಿನಲ್ಲಿ ಬರೆದದ್ದು" ಎಂದೆ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. "ಓ, ಕಂಪ್ಯೂಟರ್ ಚಿತ್ರವಾ" ಎಂದು ಇನ್ನೊಬ್ಬರ ಕಡೆ ತಿರುಗಿದರು. ಅರ್ಧ ನಿಮಿಷದ ಹಿಂದೆ ಚೆನ್ನಾಗಿದ್ದ ಗೆರೆ ಅಷ್ಟರಲ್ಲಿ ಏನಾಯಿತೋ ನನಗೆ ತಿಳಿಯಲಿಲ್ಲ.

ಎರಡನೆಯದು ಮೂರು ದಿನ ಬಿಟ್ಟು, ನನ್ನದೇ ಸ್ಟುಡಿಯೋದಲ್ಲಿ. ಬೆಂಗಳೂರಿನ ಡಿಸೈನ್ ಆಫೀಸಿನಲ್ಲಿ ಕೆಲಸ ಮಾಡುವ ಅಕ್ಕನ ಮಗ ಹಬ್ಬಕ್ಕೆ ಬಂದಿದ್ದ. ನನ್ನ ಮೇಜಿನ ಮೇಲಿದ್ದ ಕಪ್ಪು ಹಲಗೆಯನ್ನು ಎರಡು ಬೆರಳಲ್ಲಿ ಎತ್ತಿ, "ಮಾವ, ಇನ್ನೂ ಇದರಲ್ಲೇ ಒದ್ದಾಡ್ತಿದ್ದೀರಾ? ಇದು ಮಕ್ಕಳ ಆಟದ ಸಾಮಾನು. ತಗೊಂಡ್ರೆ ಸ್ಕ್ರೀನ್ ಇರೋದು ತಗೊಬೇಕು, ಇಲ್ಲಾಂದ್ರೆ ಸುಮ್ಮನಿರಬೇಕು" ಎಂದ.

ಒಬ್ಬರ ಲೆಕ್ಕದಲ್ಲಿ ನನ್ನ ಹಲಗೆ ಮಿತಿಮೀರಿದ ಯಂತ್ರ. ಇನ್ನೊಬ್ಬನ ಲೆಕ್ಕದಲ್ಲಿ ಅದು ಯಂತ್ರವೇ ಅಲ್ಲ. ಇಬ್ಬರೂ ಹಲಗೆಯನ್ನು ನೋಡಿದರು, ಕೈಯನ್ನು ನೋಡಲಿಲ್ಲ. ಇಬ್ಬರ ಮೇಲೂ ನನಗೆ ಜಗಳವಿದೆ. ಅದನ್ನು ಇಲ್ಲಿ ಆಡಿಬಿಡುತ್ತೇನೆ.

ಮೊದಲು, ಈ ವಸ್ತು ಏನು ಎಂಬುದನ್ನು ನೋಡದವರಿಗಾಗಿ ಹೇಳಬೇಕು. ಮಕ್ಕಳ ಸ್ಲೇಟಿನಷ್ಟು, ಕೆಲವು ಅದಕ್ಕಿಂತ ಚಿಕ್ಕದು. ಮೇಲೆ ಏನೂ ಕಾಣುವುದಿಲ್ಲ, ಬರೀ ಕಪ್ಪು. ಯುಎಸ್‌ಬಿ ವೈರಿನಲ್ಲಿ ಕಂಪ್ಯೂಟರಿಗೆ ಸೇರಿಸಬೇಕು. ಹಲಗೆಯೊಳಗೆ ತಂತಿಗಳ ಜಾಲವಿದೆ, ಅದು ಸಣ್ಣ ವಿದ್ಯುತ್ಕಾಂತೀಯ ಅಲೆ ಹೊರಡಿಸುತ್ತದೆ. ಪೆನ್ನಿನೊಳಗೊಂದು ಸುರುಳಿಯಿದ್ದು, ಅದು ಆ ಅಲೆಯಿಂದಲೇ ಶಕ್ತಿ ಪಡೆದು ಮಾರುತ್ತರ ಕೊಡುತ್ತದೆ. ಹಾಗಾಗಿ ಪೆನ್ನಿಗೆ ಬ್ಯಾಟರಿ ಬೇಡ. ತುದಿಯನ್ನು ಎಷ್ಟು ಒತ್ತಿದಿರಿ ಎನ್ನುವುದೂ ಹಲಗೆಗೆ ಗೊತ್ತಾಗುತ್ತದೆ. ಮೆಲ್ಲಗೆ ಎಳೆದರೆ ಸಣ್ಣ ಗೆರೆ, ಒತ್ತಿದರೆ ದಪ್ಪ ಗೆರೆ. ಕೈ ಹಲಗೆಯ ಮೇಲೆ, ಕಣ್ಣು ಪರದೆಯ ಮೇಲೆ. ಇಷ್ಟೇ.

ಇದು ಮೊನ್ನೆ ಮೊನ್ನೆ ಬಂದದ್ದೂ ಅಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಟ್ಯಾಬ್ಲೆಟ್ 1964ರಷ್ಟು ಹಿಂದಿನದು, ಆಗ ಅದರ ಬೆಲೆ ಸುಮಾರು 18,000 ಡಾಲರ್. ಜಪಾನಿನ ವಾಕಾಮ್ ಕಂಪನಿ 1983ರಲ್ಲಿ ಶುರುವಾಯಿತು. ಬ್ಯಾಟರಿಯಿಲ್ಲದ ಪೆನ್ನು ಬಹಳ ಕಾಲ ಅವರ ಪೇಟೆಂಟುಗಳ ಹಿಡಿತದಲ್ಲಿತ್ತು. ಆ ಪೇಟೆಂಟುಗಳ ಅವಧಿ ಒಂದೊಂದಾಗಿ ಮುಗಿಯುತ್ತ ಬಂದಂತೆ ಹ್ಯೂಯಾನ್, ಎಕ್ಸ್‌ಪಿ-ಪೆನ್‌ನಂಥ ಕಂಪನಿಗಳೂ ಅದೇ ಬಗೆಯ ಪೆನ್ನನ್ನು ಅಗ್ಗಕ್ಕೆ ಮಾರತೊಡಗಿದವು. ಹೀಗೆ ಒಂದು ಕಾಲಕ್ಕೆ ಪ್ರಯೋಗಾಲಯದಲ್ಲಿದ್ದ ಸಾಮಾನು 2020ರಲ್ಲಿ, ಲಾಕ್‌ಡೌನಿನಲ್ಲಿ ಮದುವೆ ಕೆಲಸವೆಲ್ಲ ನಿಂತು ನಾನು ಖಾಲಿ ಕೂತಿದ್ದಾಗ, 2,500 ರೂಪಾಯಿಗೆ ನನ್ನ ಮೇಜಿಗೆ ಬಂತು.

ಅದನ್ನು ಕೈಗೆತ್ತಿಕೊಂಡ ದಿನ ನನಗೆ ನೆನಪಾದದ್ದು ಅಪ್ಪನ ರಿಟಚಿಂಗ್ ಮೇಜು.

ನಮ್ಮ ಸ್ಟುಡಿಯೋ ಶುರು ಮಾಡಿದವರು ಅಪ್ಪ. ತಿಪಟೂರಿಗೆ ಕೊಬ್ಬರಿ ಮಾರಲು ಬಂದವರು ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಹೆಂಡತಿ ಮಕ್ಕಳನ್ನು ಕರಕೊಂಡು ಬಂದು ಫೋಟೋ ತೆಗೆಸಿಕೊಳ್ಳುತ್ತಿದ್ದ ಕಾಲ. ಡಾರ್ಕ್‌ರೂಮಿನ ಪಕ್ಕದಲ್ಲಿ ಇಳಿಜಾರಾದ ಒಂದು ಮರದ ಮೇಜು. ನಡುವೆ ಗಾಜು ಕೂರಿಸಿದ ಕಿಂಡಿ, ಕೆಳಗಿಂದ ಬೆಳಕು. ಅದರ ಮೇಲೆ ನೆಗೆಟಿವ್ ಇಟ್ಟು, ಪೆನ್ಸಿಲ್ ತುದಿ ಹಿಡಿಯಲೆಂದು ಒಂದು ಬಗೆಯ ವಾರ್ನಿಷ್ ಸವರಿ, ಮರಳು ಕಾಗದದಲ್ಲಿ ಸೂಜಿಯಂತೆ ಚೂಪು ಮಾಡಿದ ಗಟ್ಟಿ ಪೆನ್ಸಿಲಿನಲ್ಲಿ ಅಪ್ಪ ಚುಕ್ಕೆ ಇಡುತ್ತಿದ್ದರು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ. ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ತೆಳುವಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟಿನಲ್ಲಿ ಕಲೆ ತಿಳಿಯಾಗುತ್ತದೆ. ಹೆಚ್ಚು ತುಂಬಿದರೆ ಮುಖ ಹಿಟ್ಟು ಮೆತ್ತಿದಂತೆ. ಹೊಳಪು ಹೆಚ್ಚಾದ ಕಡೆ ಸಣ್ಣ ಚಾಕುವಿನಲ್ಲಿ ಕೆರೆಯುವುದು. ಒಂದು ಮುಖಕ್ಕೆ ಅರ್ಧ ಗಂಟೆ.

"ಮಚ್ಚೆ ಮುಟ್ಟಬೇಡ" ಎನ್ನುತ್ತಿದ್ದರು ನನಗೆ ಕಲಿಸುವಾಗ. "ಮೊಡವೆ ಇವತ್ತು ಇರುತ್ತೆ, ನಾಳೆ ಹೋಗುತ್ತೆ, ಅದನ್ನ ತೆಗಿ. ಮಚ್ಚೆ ಅವರ ಗುರುತು."

ಆಮೇಲೆ ಬಣ್ಣದ ರೀಲು ಬಂತು, ಲ್ಯಾಬು ಬಂತು, ಕಂಪ್ಯೂಟರ್ ಬಂತು. ಪೆನ್ಸಿಲ್ ಹೋಯಿತು. ಅಪ್ಪ ಮೇಜನ್ನು ಅಟ್ಟಕ್ಕೆ ಹಾಕಿದರು. ನಾನು ಮೌಸ್ ಹಿಡಿದು ಹದಿನೈದು ವರ್ಷ ಕೆಲಸ ಮಾಡಿದೆ. ಸೋಪಿನ ತುಂಡು ಹಿಡಿದುಕೊಂಡು ರಂಗೋಲಿ ಬಿಡಿಸಿದಂತೆ. ಒತ್ತಿದರೂ ಅದೇ ಗೆರೆ, ಒತ್ತದಿದ್ದರೂ ಅದೇ ಗೆರೆ. ಕಣ್ಣಿನ ಕೆಳಗಿನ ನೆರಳನ್ನು ಸ್ವಲ್ಪವೇ ತಿಳಿ ಮಾಡಬೇಕೆಂದರೆ ಪ್ರತಿ ಸಲ ಬ್ರಷ್ಷಿನ ಗಾತ್ರ ಬದಲಿಸು, ಗಾಢತೆ ಬದಲಿಸು. ಪೆನ್ನು ಬಂದ ಮೇಲೆ ಆ ಕೆಲಸ ಬೆರಳಿಗೆ ವಾಪಸ್ ಬಂತು. ಅಪ್ಪ ಪೆನ್ಸಿಲಿನಲ್ಲಿ ಮಾಡುತ್ತಿದ್ದದ್ದನ್ನೇ ನಾನು ಮಾಡುತ್ತಿದ್ದೇನೆ. ಅವರು ನೆಗೆಟಿವ್ ಮೇಲೆ ಮಾಡಿದರು, ನಾನು ಲೇಯರಿನ ಮೇಲೆ. ಅಪ್ಪ ಮಾಡಿದ್ದು ಕಸುಬು, ನಾನು ಮಾಡಿದ್ದು ಕಂಪ್ಯೂಟರ್ ಮಾಡಿದ್ದು ಎನ್ನುವವರು ಈ ಎರಡರ ನಡುವಿನ ವ್ಯತ್ಯಾಸವನ್ನು ನನಗೆ ತೋರಿಸಿಕೊಡಲಿ.

ಕಂಪ್ಯೂಟರ್ ಮಾಡಿದ್ದು ಹೇಗಿರುತ್ತದೆ ಅನ್ನುವುದನ್ನೂ ನೋಡಿದ್ದೇನೆ. ಹೋದ ವರ್ಷ ಒಬ್ಬ ಹೆಂಗಸು ಬಂದರು. ಯಜಮಾನರು ತೀರಿಕೊಂಡು ಐದು ದಿನವಾಗಿತ್ತು. ಹನ್ನೊಂದರ ಹೊತ್ತಿಗೆ ಕಟ್ಟು ಹಾಕಿದ ಫೋಟೋ ಬೇಕು. ಇದ್ದದ್ದು ಒಂದೇ ಪಾಸ್‌ಪೋರ್ಟ್ ಸೈಜಿನ ಚಿತ್ರ, ಅದೂ ಮಡಚಿ, ಬ್ಯಾಂಕಿನ ಸೀಲು ಬಿದ್ದದ್ದು. ಮೊಮ್ಮಗ ಆಗಲೇ ಫೋನಿನ ಯಾವುದೋ ಆ್ಯಪಿನಲ್ಲಿ ಹಾಕಿ ಒಂದು ಬಟನ್ ಒತ್ತಿ 'ಸರಿ' ಮಾಡಿದ್ದ. ತೋರಿಸಿದರು. ಮಡಿಕೆ ಹೋಗಿತ್ತು, ಸೀಲು ಹೋಗಿತ್ತು. ಬಿಸಿಲಲ್ಲಿ ದುಡಿದ ಚರ್ಮ ಹೋಗಿ ಸಿನಿಮಾದವರ ಕೆನ್ನೆ ಬಂದಿತ್ತು. ಎಡಗೆನ್ನೆಯ ಮಚ್ಚೆಯೂ ಹೋಗಿತ್ತು.

"ಚೆನ್ನಾಗೇನೋ ಐತೆ. ಆದ್ರೆ ಇವರು ನಮ್ಮ ಯಜಮಾನರಲ್ಲ ಕಣಪ್ಪ" ಎಂದರು ಆಕೆ.

ಮೂಲ ಫೋಟೋವನ್ನು ಸ್ಕ್ಯಾನ್ ಮಾಡಿ ಎರಡು ರಾತ್ರಿ ಕೂತೆ. ಮಡಿಕೆ ಸರಿಯಾಗಿ ಬಲಗಣ್ಣಿನ ರೆಪ್ಪೆಯ ಮೇಲೆ ಹಾದುಹೋಗಿತ್ತು. ಎಡಗಣ್ಣು ನೋಡಿಕೊಂಡು ರೆಪ್ಪೆಯನ್ನು ಎಳೆಯೆಳೆಯಾಗಿ ಬರೆಯಬೇಕಾಯಿತು. ಎರಡು ಕಣ್ಣು ಒಂದೇ ಥರ ಇರುವುದಿಲ್ಲವಲ್ಲ, ಅದಕ್ಕೇ ನಕಲು ಮಾಡಿ ಅಂಟಿಸಲು ಮನಸ್ಸು ಬರಲಿಲ್ಲ. ಸೀಲಿನ ನೇರಳೆ ಬಣ್ಣ ತೆಗೆದ ಕಡೆ ಅಂಗಿಯ ಕಾಲರು ಮತ್ತೆ ಬರೆದೆ. ಹಣೆಯ ಗೆರೆ ಬಿಟ್ಟೆ. ಮಚ್ಚೆ ಬಿಟ್ಟೆ. ಆಕೆ ಫೋಟೋ ನೋಡಿ ಏನೂ ಹೇಳಲಿಲ್ಲ. ಸೆರಗಿನಿಂದ ಗಾಜು ಒರೆಸಿದರು. ಗಾಜು ಹೊಸದು, ಅದರ ಮೇಲೆ ಧೂಳೇನೂ ಇರಲಿಲ್ಲ.

ಆ ಬಟನ್ ಒತ್ತಿದ್ದಕ್ಕೂ ಈ ಎರಡು ರಾತ್ರಿಗೂ ಒಂದೇ ಹೆಸರು, 'ಕಂಪ್ಯೂಟರ್ ಕೆಲಸ'. ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು ಎಂದು ತೀರ್ಮಾನಿಸಿದವರು ಯಾರು ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಬಟನ್ನುಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಕೈಯಿಂದ ಮಾಡಿದ್ದನ್ನೂ ಬಟನ್ನಿನ ಲೆಕ್ಕಕ್ಕೆ ಸೇರಿಸಿದರೆ ನಷ್ಟ ಯಾರಿಗೆ?

ಹಿರಿಯರಿಗೆ ಇನ್ನೊಂದು ಮಾತು ಹೇಳಬೇಕು. ಅವರು ಮೆಚ್ಚುವ ವಾರಪತ್ರಿಕೆಗಳ ಹಳೆಯ ಗೆರೆ ಚಿತ್ರಗಳನ್ನು ನಾನೂ ಮೆಚ್ಚುತ್ತೇನೆ, ಅವುಗಳನ್ನು ನೋಡಿಯೇ ಕಲಿತವನು. ಆದರೆ ಆ ಗೆರೆ ಅಷ್ಟು ಕಡುಕಪ್ಪಾಗಿ, ಅಷ್ಟು ಖಚಿತವಾಗಿ ಇರುತ್ತಿದ್ದದ್ದಕ್ಕೆ ಒಂದು ಕಾರಣ ಅಚ್ಚಿನ ಬ್ಲಾಕು. ಸತುವಿನ ಲೈನ್ ಬ್ಲಾಕಿಗೆ ಬೂದು ಬಣ್ಣ ಗೊತ್ತಿರಲಿಲ್ಲ, ಅದಕ್ಕೆ ಒಂದೋ ಕಪ್ಪು, ಇಲ್ಲವೋ ಬಿಳಿ. ಬೂದು ಬೇಕಾದರೆ ಗೆರೆ ಪಕ್ಕ ಗೆರೆ ಎಳೆದು ಕಣ್ಣಿಗೆ ಮೋಸ ಮಾಡಬೇಕಿತ್ತು. ಅಂದರೆ ನೀವು 'ಕೈಯ ಗೆರೆ' ಎಂದು ಆರಾಧಿಸುವ ಆ ಶೈಲಿಯನ್ನು ಅರ್ಧ ರೂಪಿಸಿದ್ದು ಒಂದು ಯಂತ್ರ. ಅದಕ್ಕಾಗಿ ಯಾರೂ ಅವನ್ನು 'ಬ್ಲಾಕ್ ಚಿತ್ರ' ಎಂದು ಕರೆದು ಪುಸ್ತಕ ಮುಚ್ಚಲಿಲ್ಲ.

ತವರದ ಟ್ಯೂಬಿನಲ್ಲಿ ಬಣ್ಣ ತುಂಬುವುದಕ್ಕೆ ಪೇಟೆಂಟ್ ಸಿಕ್ಕಿದ್ದು 1841ರಲ್ಲಿ. ಬಣ್ಣವನ್ನು ತಾನೇ ಅರೆದುಕೊಳ್ಳದವನು ಕಲಾವಿದನಲ್ಲ ಎಂದು ಇವತ್ತು ಯಾರೂ ಹೇಳುವುದಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ಸು ಹಾಕಿದರು. ದೇವಸ್ಥಾನದೊಳಗೆ ಕಾಲಿಡಲು ಬಿಡದವರ ಮನೆಯ ಗೋಡೆಗೂ ಲಕ್ಷ್ಮಿ, ಸರಸ್ವತಿ ಬಂದರು. ಆಮೇಲೆ ಅದಕ್ಕೆ 'ಕ್ಯಾಲೆಂಡರ್ ಆರ್ಟ್' ಎಂಬ ಬೈಗುಳ ಅಂಟಿತು. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಗೆ ಬರೆದವರು. ಅವರ ಚಿತ್ರ ಗ್ಯಾಲರಿಗೆ ಮೊದಲು ಜನರ ಮನೆ ತಲುಪಿತ್ತು. ಚಿತ್ರ ಅಗ್ಗವಾಗಿ ಹೆಚ್ಚು ಜನರ ಕೈಗೆ ಸಿಕ್ಕಾಗಲೆಲ್ಲ ಅದು ಕಲೆಯೇ ಅಲ್ಲ ಎನ್ನುವ ಅನುಮಾನವೂ ಜೊತೆಗೇ ಹುಟ್ಟಿದೆ. ಆದರೆ 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಡೇವಿಡ್ ಹಾಕ್ನಿ ಐಪ್ಯಾಡಿನಲ್ಲಿ ಬರೆದ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಗೋಡೆಗೆ ತೂಗುಹಾಕಿದಾಗ ಜನ ಟಿಕೆಟ್ ಕೊಂಡು ಹೋಗಿ ನೋಡಿದರು. ಅವರು ಮಾಡಿದರೆ ಪ್ರಯೋಗ. ತಾಲ್ಲೂಕಿನ ಸ್ಟುಡಿಯೋದವನು ಮಾಡಿದರೆ ಕಂಪ್ಯೂಟರ್ ಚಿತ್ರ.

ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ದುಡ್ಡಿನ ಪ್ರಶ್ನೆಯೂ ಹೌದು. ಪ್ರಕಾಶಕರೊಬ್ಬರು ಹನ್ನೆರಡು ಚಿತ್ರಕ್ಕೆ ಮಾತಾಡಿದ ಹಣದಲ್ಲಿ ಅರ್ಧ ಕೊಟ್ಟರು. ಕೇಳಿದ್ದಕ್ಕೆ, "ಕಂಪ್ಯೂಟರಲ್ಲಿ ಮಾಡಿದ್ದಲ್ವಾ, ಬೇಗ ಆಗಿರುತ್ತೆ" ಎಂದರು. ಹನ್ನೆರಡು ಚಿತ್ರಕ್ಕೆ ನನಗೆ ಹಿಡಿದದ್ದು ಐದು ವಾರ. ಲೇಖಕರೂ ಆ ಹಸ್ತಪ್ರತಿಯನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡಿ ಕಳಿಸಿದ್ದರು. ಅವರ ಗೌರವಧನದಲ್ಲೂ ಅರ್ಧ ಕಡಿದರೇ ಎಂದು ಕೇಳುವ ಧೈರ್ಯ ಅವತ್ತು ಬರಲಿಲ್ಲ, ಇವತ್ತು ಕೇಳುತ್ತಿದ್ದೇನೆ.

ಹಿರಿಯರ ಮಾತಿನಲ್ಲಿ ನಿಜವಿಲ್ಲವೆಂದು ನಾನು ಹೇಳುವುದಿಲ್ಲ. ಕಾಗದದ ಮೇಲಿನ ಚಿತ್ರಕ್ಕೆ ಮೂಲ ಪ್ರತಿ ಅಂತ ಒಂದಿದೆ, ನನ್ನದಕ್ಕೆ ಇಲ್ಲ. ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಕೂತು ನಾನು ಮಾರಬಹುದಾದದ್ದು ಪ್ರಿಂಟು ಮಾತ್ರ. ತಪ್ಪಿದರೆ ಹಿಂದಕ್ಕೆ ಹೋಗುವ ಸೌಲಭ್ಯ ಕೈಯನ್ನು ಸೋಮಾರಿ ಮಾಡುತ್ತದೆ, ಅದೂ ನಿಜ. ನಾನು ಈಗಲೂ ಬೆಳಿಗ್ಗೆ ಅರ್ಧ ಗಂಟೆ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಆದರೆ ಸೋಮಾರಿತನ ಬಂದರೆ ಅದು ಚಿತ್ರದಲ್ಲಿ ಕಾಣುತ್ತದೆ. ಕಂಡರೆ ಹೇಳಿ, ಒಪ್ಪುತ್ತೇನೆ. ಕಾಣುವ ಮೊದಲೇ ಪುಸ್ತಕ ಮುಚ್ಚಬೇಡಿ.

ಇನ್ನು ಅಕ್ಕನ ಮಗನ ಕಡೆಯವರು. ಇವರ ಮಾತು ಹೆಚ್ಚು ಅಪಾಯದ್ದು. ಹಿರಿಯರ ಮಾತಿನಿಂದ ಬೇಸರವಾಗುತ್ತದೆ ಅಷ್ಟೆ, ಇವರ ಮಾತು ಕೇಳಿದವರು ಶುರುವನ್ನೇ ಮಾಡುವುದಿಲ್ಲ. ಇದನ್ನು ನಾನು ಪಾಪಪ್ರಜ್ಞೆಯಿಂದ ಹೇಳುತ್ತಿದ್ದೇನೆ, ಏಕೆಂದರೆ ಒಂದು ಕಾಲಕ್ಕೆ ಆ ಮಾತು ಆಡಿದವನು ನಾನೇ.

2019ರಲ್ಲಿ ನಮ್ಮ ಬೀದಿಯ ಟೈಲರ್ ಒಬ್ಬರು ಸ್ಟುಡಿಯೋಗೆ ಬಂದರು. ಮಗ ಪಿಯುಸಿ ಓದುತ್ತಿದ್ದ. ಒಡೆದ ಗಾಜಿನ ಫೋನಿನ ಮೇಲೆ ಬೆರಳಲ್ಲೇ ಚಿತ್ರ ಬರೆಯುತ್ತಿದ್ದ. ಬೆರಳಿನಲ್ಲಿ ಆ ಥರ ಕುದುರೆ ಬರೆದವರನ್ನು ನಾನು ನೋಡಿರಲಿಲ್ಲ. "ಅದೇನೋ ಪೆನ್ನು ಹಲಗೆ ಬರುತ್ತಂತಲ್ಲ ಸಾರ್, ಯಾವುದು ಕೊಡಿಸಲಿ?" ಎಂದು ಕೇಳಿದರು. ನಾನು ಆಗ ಸ್ವತಃ ಅದನ್ನು ಮುಟ್ಟಿರಲಿಲ್ಲ, ಯಾರ‍್ಯಾರದೋ ವಿಡಿಯೋ ನೋಡಿ ಪಂಡಿತನಾಗಿದ್ದೆ. "ಕೊಡಿಸೋದಾದ್ರೆ ಒಳ್ಳೇದೇ ಕೊಡಿಸಿ. ಅಗ್ಗದ್ದು ದಂಡ. ಒಂದು ನಲವತ್ತು ಸಾವಿರ ಇಟ್ಕೊಳ್ಳಿ" ಎಂದೆ. ಅವರು "ಆಯ್ತು ಸಾರ್" ಎಂದು ಹೋದರು. ಆ ಮೊತ್ತ ಅವರಿಗೆ ಎಷ್ಟು ಜೊತೆ ಬಟ್ಟೆಯ ಹೊಲಿಗೆ ಎಂದು ನಾನು ಲೆಕ್ಕ ಹಾಕಲಿಲ್ಲ.

ಆ ಹುಡುಗ ಈಗ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುತ್ತಾನೆ. ಗುಳ್ಳೆಯೇಳದಂತೆ ಅಂಟಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಅಂಗಡಿಯವರು ಹೊಗಳುತ್ತಾರೆ. "ಬರೀತೀಯೇನೋ?" ಎಂದು ಒಮ್ಮೆ ಕೇಳಿದೆ. "ಇಲ್ಲ ಅಣ್ಣ, ಬಿಟ್ಬಿಟ್ಟೆ" ಎಂದ. ನನ್ನ ಮಾತಿನಿಂದಲೇ ಬಿಟ್ಟ ಎಂದು ಸಾಧಿಸಲಾರೆ, ಮನೆಯಲ್ಲಿ ಬೇರೆ ಕಷ್ಟವೂ ಇತ್ತು. ಆದರೆ ಮರುವರ್ಷ ನಾನು 2,500 ರೂಪಾಯಿ ಕೊಟ್ಟು ತಂದ ಹಲಗೆಯಲ್ಲಿ ಇವತ್ತಿನವರೆಗೆ ನಾಲ್ಕು ಪುಸ್ತಕಕ್ಕೆ ಚಿತ್ರ ಬರೆದಿದ್ದೇನೆ, ಲೆಕ್ಕವಿಲ್ಲದಷ್ಟು ಫೋಟೋ ಸರಿಮಾಡಿದ್ದೇನೆ. ಆ ಹುಡುಗನ ಕೈ ನನ್ನದಕ್ಕಿಂತ ಚೆನ್ನಾಗಿತ್ತು.

ದುಬಾರಿ ಸಾಮಾನಿನ ಪರವಾಗಿ ಹೇಳುವವರು ಅಂಕಿ ಒಪ್ಪಿಸುತ್ತಾರೆ. ಒತ್ತಡದ ಹಂತ 8,192, ಈಗ 16,384. ನನ್ನ ಕೈಗೆ ಅಷ್ಟು ಹಂತ ತಿಳಿಯುವುದಿಲ್ಲ. ನಿಮ್ಮ ಕೈಗೆ ತಿಳಿದರೆ ದೊಡ್ಡ ನಮಸ್ಕಾರ. ಫೋಟೋಶಾಪ್ ಬೇಕೇ ಬೇಕು ಎನ್ನುತ್ತಾರೆ. 2013ರಿಂದ ಅದರ ಹೊಸ ಆವೃತ್ತಿ ಕೊಂಡುಕೊಳ್ಳಲು ಸಿಗುವುದಿಲ್ಲ, ಬಾಡಿಗೆ ಕಟ್ಟುತ್ತಲೇ ಇರಬೇಕು. ನಾನು ಚಿತ್ರಕ್ಕೆ ಕ್ರಿತಾ, ಫೋಟೋಗೆ ಗಿಂಪ್ ಬಳಸುತ್ತೇನೆ. ಎರಡೂ ಉಚಿತ, ಎರಡೂ ಕದ್ದ ಮಾಲಲ್ಲ. ಫ್ರಾನ್ಸಿನ ಡೇವಿಡ್ ರೆವ್ವಾ ತಮ್ಮ 'ಪೆಪ್ಪರ್ ಅಂಡ್ ಕ್ಯಾರೆಟ್' ಕಾಮಿಕ್ಸನ್ನು 2014ರಿಂದ ಕ್ರಿತಾದಲ್ಲೇ ಬರೆಯುತ್ತ ಬಂದಿದ್ದಾರೆ. ಅದನ್ನು ನೋಡಿ, ಆಮೇಲೆ ಉಚಿತ ಸಾಫ್ಟ್‌ವೇರಿನಲ್ಲಿ ಏನೂ ಆಗುವುದಿಲ್ಲ ಎನ್ನಿ.

ಅಗ್ಗದ ಹಲಗೆಯ ಕೊರತೆಗಳನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಡ. ಮೊದಲ ಎರಡು ವಾರ ಅಳು ಬರುತ್ತದೆ. ಕೈ ಒಂದು ಕಡೆ, ಕಣ್ಣು ಒಂದು ಕಡೆ. ನನ್ನ ಹೆಸರನ್ನೇ ನಾನು ಅಂಗನವಾಡಿ ಮಗುವಿನಂತೆ ಬರೆದೆ. ಹೆಚ್ಚಿನವರು ಇಲ್ಲೇ ಕೈಬಿಟ್ಟು 'ಅಗ್ಗದ್ದು ಕೆಟ್ಟದ್ದು' ಎನ್ನುತ್ತಾರೆ. ಹಲಗೆಯ ಉದ್ದ-ಅಗಲದ ಪ್ರಮಾಣ ಪರದೆಯದಕ್ಕೆ ಹೊಂದದಿದ್ದರೆ ನೀವು ಬರೆದ ಸೊನ್ನೆ ಕೋಳಿಮೊಟ್ಟೆಯಾಗುತ್ತದೆ. ಸೆಟ್ಟಿಂಗಿನಲ್ಲಿ ಅದನ್ನು ಹೊಂದಿಸಿಕೊಳ್ಳಬೇಕು. ವಿಂಡೋಸಿನಲ್ಲಿ ಪೆನ್ನು ಒತ್ತಿ ಹಿಡಿದರೆ ಒಂದು ಉಂಗುರ ಮೂಡಿ ಗೆರೆ ತಡವರಿಸುತ್ತದೆ, ಅದನ್ನು ಆಫ್ ಮಾಡಬೇಕು. ನಿಧಾನವಾಗಿ ಓರೆ ಗೆರೆ ಎಳೆದರೆ ಕೆಲವು ಹಲಗೆಗಳಲ್ಲಿ ಸಣ್ಣ ನಡುಕ ಕಾಣುತ್ತದೆ. ಕ್ರಿತಾದಲ್ಲಿ ಅದನ್ನು ತಹಬಂದಿಗೆ ತರುವ ಅನುಕೂಲವಿದೆ. ತುದಿ ಸವೆಯುತ್ತದೆ, ಪೆಟ್ಟಿಗೆಯಲ್ಲೇ ಬಿಡಿ ತುದಿಗಳನ್ನು ಕೊಟ್ಟಿರುತ್ತಾರೆ. ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನಿಗೆ ಹೊಂದುವ ಹಲಗೆ ಕೇಳಿ ತೆಗೆದುಕೊಳ್ಳಿ, ಸಿಗುತ್ತವೆ. ಮತ್ತೆ, ಹಲಗೆಗಿಂತ ಹೆಚ್ಚು ಮೋಸ ಮಾಡುವುದು ಅಗ್ಗದ ಲ್ಯಾಪ್‌ಟಾಪಿನ ಪರದೆ. ಬಣ್ಣ ಸುಳ್ಳು ಹೇಳುತ್ತದೆ. ಕೆಲಸ ಕೊಡುವ ಮೊದಲು ಒಂದು ಸಣ್ಣ ಪ್ರಿಂಟು ತೆಗೆದು ನೋಡಿಕೊಳ್ಳಿ.

ಪರದೆಯಿರುವ ಟ್ಯಾಬ್ಲೆಟ್ಟು ಇನ್ನೂ ಚೆನ್ನ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ದಿನಕ್ಕೆ ಎಂಟು ಗಂಟೆ ಬರೆದು ಸಂಬಳ ತರುವ ಅಕ್ಕನ ಮಗನಿಗೆ ಅದು ಬೇಕು, ಅವನ ಆಫೀಸು ಕೊಡಿಸಿದೆ. ಆದರೆ ತನ್ನ ಆಫೀಸಿನ ಮೇಜನ್ನು ಅಳತೆಗೋಲು ಮಾಡಿಕೊಂಡು 'ಇಲ್ಲಾಂದ್ರೆ ಸುಮ್ಮನಿರಬೇಕು' ಎಂದನಲ್ಲ, ಆ ಮಾತಿಗೆ ನನ್ನ ತಕರಾರು. ಸುಮ್ಮನಿದ್ದವನು ಸ್ಕ್ರೀನ್ ಗಾರ್ಡ್ ಅಂಟಿಸುತ್ತಿದ್ದಾನೆ.

ಜಗಳ ಆಡಿದ ಮೇಲೆ ಕೇಳಬೇಕಾದದ್ದನ್ನೂ ಕೇಳಿಬಿಡುತ್ತೇನೆ. ಚಿತ್ರಸ್ಪರ್ಧೆ ನಡೆಸುವವರು 'ಡಿಜಿಟಲ್ ಚಿತ್ರಗಳನ್ನು ಪರಿಗಣಿಸುವುದಿಲ್ಲ' ಎಂಬ ಸಾಲು ಹಾಕುವ ಬದಲು ಮಕ್ಕಳನ್ನು ಎದುರಿಗೆ ಕೂರಿಸಿ ಬರೆಸಿ, ಬಟನ್ ಒತ್ತಿದವರು ಯಾರು, ಬರೆದವರು ಯಾರು ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಸಂಪಾದಕರು, ಪ್ರಕಾಶಕರು ಚಿತ್ರಕ್ಕೆ ದುಡ್ಡು ಕೊಡಿ, ಸಾಮಾನಿಗೆ ಬೇಡ. ಯಾರಾದರೂ ತಂದೆ ಬಂದು 'ಯಾವುದು ಕೊಡಿಸಲಿ' ಎಂದು ಕೇಳಿದರೆ, ಬಲ್ಲವರು ಮೊದಲು ಅವರ ಜೇಬು ಕೇಳಿ, ಆಮೇಲೆ ಉತ್ತರ ಹೇಳಿ.

ನನ್ನ ಹಲಗೆಯ ನಡುವಿನ ಭಾಗ ಈಗ ಸವೆದು ನುಣುಪಾಗಿದೆ, ಬೆಳಕಿಗೆ ಹಿಡಿದರೆ ಗೀರುಗಳು ಕಾಣುತ್ತವೆ. ಇನ್ನೆರಡು ಬಿಡಿ ತುದಿ ಉಳಿದಿವೆ. ಮೊಬೈಲ್ ಅಂಗಡಿ ಭಾನುವಾರ ಮಧ್ಯಾಹ್ನದ ಮೇಲೆ ಮುಚ್ಚುತ್ತದೆ. ಆ ಹೊತ್ತಿಗೆ ಸ್ಟುಡಿಯೋಗೆ ಬಾ, ಈ ಹಲಗೆ ಮುಟ್ಟಿ ನೋಡು ಎಂದು ಆ ಹುಡುಗನಿಗೆ ಎರಡು ಸಲ ಹೇಳಿದ್ದೇನೆ. ಇನ್ನೂ ಬಂದಿಲ್ಲ. ಈ ಭಾನುವಾರವೂ ಬಾಗಿಲು ತೆಗೆದಿರುತ್ತೇನೆ.